ದಣಪೆ ದಾಟಿದ್ದೇ ಲೆಕ್ಕ

ಬೇಡದ ಸಾಮಾನು ಹೊರಹಾಕಿ ಮನೆ ಹಗುರ ಮಾಡುವ ಕೆಲಸವನ್ನು ದಿನಾ ನಾಲ್ಕು ಜನರಿಗೆ ಕಾಣುವಂತೆ ಬರೆಯಲು ಹೊರಟವರು ನಡುವೆ ಕೈಬಿಡುವುದು ಸಾಮಾನು ಮುಗಿದದ್ದಕ್ಕಲ್ಲ. "ಇವತ್ತು ಅಟ್ಟ ಹಿಡಿದೆ" ಎಂದು ಮೂರು ದಿನ ಬರೆಯಬಹುದು, ನಾಲ್ಕನೇ ದಿನ ಏನು ಬರೆಯುವುದು? ಅಟ್ಟದಿಂದ ಇಳಿದ ಗಂಟು ಜಗಲಿಯ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೇ ಒಂದು ಕಟ್ಟುನಿಟ್ಟು ಬೇಕು: ದಣಪೆ, ಅಂದರೆ ಅಂಗಳದ ಬೇಲಿಬಾಗಿಲು, ದಾಟಿ ಹೊರಗೆ ಹೋದದ್ದು ಮಾತ್ರ ಲೆಕ್ಕಕ್ಕೆ. ವಿಂಗಡಿಸಿದ್ದು, ಒರೆಸಿಟ್ಟಿದ್ದು, "ಕೊಡಬೇಕು" ಎಂದು ಚೀಲಕ್ಕೆ ತುಂಬಿದ್ದು ಲೆಕ್ಕವಲ್ಲ.

ಮೂರು ಸಾಲು ಸಾಕು. "ಜೂನ್ 18. ಅಲ್ಯುಮಿನಿಯಂ ಪಾತ್ರೆ 4, ಗುಜರಿಗೆ. ನಾಳೆ: ಅಡುಗೆಮನೆ ನಾಗಂದಿಗೆಯ ಎಡಭಾಗ." ನಾಳೆಯ ಜಾಗ ಇಪ್ಪತ್ತು ನಿಮಿಷಕ್ಕೆ ಮುಗಿಯುವಷ್ಟು ಚಿಕ್ಕದಿರಲಿ, "ಅಟ್ಟ" ಎಂದು ಬರೆದರೆ ಮರುದಿನ ಏಣಿಯ ಹತ್ತಿರ ಹೋಗಲೂ ಮನಸ್ಸು ಬರುವುದಿಲ್ಲ.

ವಾಟ್ಸ್ಆ್ಯಪ್ ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು 200 ಪುಟದ ನೋಟ್‌ಬುಕ್‌ನಲ್ಲಿ ಬರೆದು, ಆ ಪುಟದ ಫೋಟೋ ಹಾಕಿ. ಗಾಳಿಮಳೆಗೆ ಕರೆಂಟು ಹೋಗಿ ನೆಟ್‌ವರ್ಕೂ ಸತ್ತ ದಿನ ನೋಟ್‌ಬುಕ್ ಕೈಕೊಡುವುದಿಲ್ಲ. ಮರುದಿನ ಎರಡೂ ಪುಟ ಹಾಕಿ, ತಾರೀಖು ಮಾತ್ರ ತಿದ್ದಬೇಡಿ. ಏನೂ ಹೊರಹೋಗದ ದಿನ "0" ಎಂದು ಬರೆಯಿರಿ. ಒಂದು ದಿನದ ಖಾಲಿ ಪುಟ ತುಂಬಿಕೊಳ್ಳುತ್ತದೆ, ಸಾಲಾಗಿ ಎರಡು ಬಿಟ್ಟರೆ ಮೂರನೆಯದು ತಾನಾಗಿ ಬಿಟ್ಟುಹೋಗುತ್ತದೆ. ಶಿರಸಿ ಕಡೆ ಅಡಿಕೆಯ ಕೊನೆಕೊಯ್ಲು, ಸುಲಿತ ಶುರುವಾದ ಮೇಲೆ ದಿನಕ್ಕೆ ಒಂದೇ ವಸ್ತು ಎಂದು ಮೊದಲೇ ಬರೆದುಬಿಡಿ. ಮಾರಿಕಾಂಬಾ ಜಾತ್ರೆಗೆ ನೆಂಟರು ಬರುತ್ತಾರೆಂದು ಒಂದೇ ವಾರದಲ್ಲಿ ಮನೆ ಬಳಿದು ಹಾಕುವ ರಭಸ ಎರಡು ವರ್ಷಕ್ಕೊಮ್ಮೆ ನಡೆದೀತು, ದಿನಾ ನಡೆಯದು.

ಕರಾವಳಿಯವರು ಮಳೆಯನ್ನು ನೋಡಿಯೇ ಸಾಮಾನಿನ ಸರದಿ ಹಾಕಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಬಟ್ಟೆ, ಪುಸ್ತಕ, ಹಾಸಿಗೆ ಮುಟ್ಟಬೇಡಿ. ಒಣಗಿದಂತೆ ಕಾಣುವ ಹತ್ತಿಬಟ್ಟೆಯಲ್ಲೂ ತೇವ ಇರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದರೆ ಅದು ಒಳಗೇ ನಿಂತು ಕೆಲವೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಆಮೇಲೆ ಯಾರಿಗೆ ಕೊಡುವುದು? ಆ ನಾಲ್ಕು ತಿಂಗಳು ಗಾಜು, ಸ್ಟೀಲು, ತಾಮ್ರ, ಒಡೆದ ಬಕೆಟ್ಟು, ಅವಧಿ ಮುಗಿದ ಔಷಧ. ಅಕ್ಟೋಬರ್‌ನ ಬಿಸಿಲು ಗಟ್ಟಿಯಾದ ಮೇಲೆ ಬಟ್ಟೆಯನ್ನು ಎರಡು ದಿನ ಒಣಹಾಕಿ, ಅದೇ ವಾರ ಸಾಗಿಸಿಬಿಡಿ.

ನಾಲ್ಕು ಜನ ನೋಡುವ ಬರಹವಾದ್ದರಿಂದ ಕಪಾಟಿನ ಬೀಗ, ಒಡವೆ ಡಬ್ಬಿ, ಪಾಸ್‌ಬುಕ್ ಫೋಟೋದಲ್ಲಿ ಬರಬಾರದು. ಮನೆಯ ಬೇರೆಯವರ ವಸ್ತುವನ್ನು ಅವರನ್ನು ಕೇಳದೆ ಎಣಿಸಲೂಬಾರದು. ಅಜ್ಜಿಯ ಕಂಚಿನ ಬಟ್ಟಲು "ಗುಜರಿಗೆ" ಎಂದು ಊರೆಲ್ಲ ಓದಿದರೆ ದಿನಚರಿಗೆ ಮನೆಯವರೇ ಅಡ್ಡ ನಿಲ್ಲುತ್ತಾರೆ, ಅವರ ಸಿಟ್ಟೂ ನ್ಯಾಯವೇ.

ಕಾಗದಪತ್ರಕ್ಕೆ ಈ ಲೆಕ್ಕ ಹಚ್ಚಲೇಬೇಡಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಮೀನು ಹೋದ ಕುಟುಂಬಗಳಲ್ಲಿ ಹಳೆಯ ನೋಟಿಸು, ಪಹಣಿ, ತೀರ್ವೆ (ಭೂಕಂದಾಯ) ರಸೀದಿ ಅಟ್ಟದಲ್ಲೇ ಇರುತ್ತವೆ. ಅವನ್ನು ಒಣಗಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟ ಟ್ರಂಕಿನಲ್ಲಿಡಿ. ಆ ದಿನದ ಪುಟದಲ್ಲಿ "0" ಎಂದಷ್ಟೇ ಬರೆಯಿರಿ, ಟ್ರಂಕು ಎಲ್ಲಿದೆ ಎಂದು ಬರೆಯಬೇಡಿ.