ಮಂಡಕ್ಕಿ ಭಟ್ಟಿಯೊಳಗೆ ಫಿಲ್ಮ್: ಅಳೆಯಬೇಕಾದ್ದು ಮುಖದ ಬೆಳಕು

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಫಿಲ್ಮ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುವಾಗ ಅದರೊಳಗಿನ, ಬೆಳಕು ಅಳೆಯುವ ಮೀಟರನ್ನೇ ನಂಬಿದರೆ ರೋಲ್ ಕೆಟ್ಟ ಹಾಗೆಯೇ. ಮಸಿ ಹಿಡಿದ ಗೋಡೆ ಕಂಡರೆ ಅದು ಇನ್ನಷ್ಟು ಬೆಳಕು ಬೇಕು ಎನ್ನುತ್ತದೆ. ಒಲೆಯ ಬಾಯೋ ಮಂಡಕ್ಕಿ ರಾಶಿಯೋ ಫ್ರೇಮಿಗೆ ಬಂದರೆ ‘ಸಾಕು, ಸಾಕು’ ಎನ್ನುತ್ತದೆ. ಇಷ್ಟೆಲ್ಲ ಆದರೂ ಕೆಲಸಗಾರನ ಮುಖದ ಮೇಲೆ ಬಿದ್ದ ಬೆಳಕು ಅಷ್ಟೇ ಇರುತ್ತದೆ.

ಹಾಗಾಗಿ ಆ ಬೆಳಕನ್ನೇ ಅಳೆಯಿರಿ. ಇನ್ಸಿಡೆಂಟ್ ಮೀಟರ್ (ಮೇಲೆ ಬೀಳುವ ಬೆಳಕನ್ನೇ ಅಳೆಯುವ ಕೈ ಮೀಟರ್) ಇದ್ದರೆ ಅದರ ಬಿಳಿ ಗುಮ್ಮಟವನ್ನು ಮುಖದ ಹತ್ತಿರ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿ. ಇಲ್ಲವೇ ನಿಮ್ಮ ಅಂಗೈಯನ್ನು ಅದೇ ಬೆಳಕಿಗೊಡ್ಡಿ, ಫ್ರೇಮ್ ತುಂಬ ಅಂಗೈ ಬರುವಂತೆ ಅಳೆದು, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಡಿ. ಆಮೇಲೆ ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲೇ ಇರಲಿ, ಆ ಅಳತೆ ತಾನಾಗಿ ಬದಲಾಗಬಾರದು. ಬರಿ ಬಲ್ಬಿನಿಂದ 3 ಅಡಿ ದೂರದಲ್ಲಿದ್ದವರು 6 ಅಡಿಗೆ ಸರಿದರೆ 2 ಸ್ಟಾಪ್ ಬೆಳಕು ಹೋಯಿತು, ಮತ್ತೆ ಅಳೆಯಲೇಬೇಕು.

ಶಟರ್ ವಿಷಯದಲ್ಲಿ ನಮಗೆ ಆಯ್ಕೆ ಕಡಿಮೆ. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರನ್ನು ಸೆಕೆಂಡಿನ 1/250 ಭಾಗ ಮಾತ್ರ ತೆರೆದು ತೆಗೆದರೆ ಒಂದು ಫ್ರೇಮ್ ಕಪ್ಪು, ಮುಂದಿನದು ಸರಿ, ಇನ್ನೊಂದರಲ್ಲಿ ಪಟ್ಟೆ. 1/60ರವರೆಗೆ ನಡೆಯುತ್ತದೆ, 1/30 ಇನ್ನೂ ನಿರಾಳ.

400ರ ಫಿಲ್ಮಿಗೆ (ಈ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಇಂಥ ಕಡೆ ಸಾಮಾನ್ಯವಾಗಿ 1/30, ಎಫ್ 2 ಬರುತ್ತದೆ; ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಜರಡಿ ಆಡಿಸುವ ಕೈ ಅಲುಗಿ ಹೋಗುತ್ತದೆ. 400ರ ಕಪ್ಪು ಬಿಳುಪು ಫಿಲ್ಮ್ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅನ್ನು 1600ಕ್ಕೆ ಪುಶ್ ಮಾಡಿದರೆ, ಅಂದರೆ 1600ರದ್ದೆಂದೇ ಎಣಿಸಿ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿದರೆ, ಅದೇ ಬೆಳಕಿಗೆ 1/60, ಎಫ್ 2.8 ಸಿಗುತ್ತದೆ. ನೀರು ಬೆರೆಸದ ಐಡಿ-11 ಡೆವಲಪರಿನಲ್ಲಿ, 20 ಡಿಗ್ರಿಗೆ, 400ಕ್ಕೆ ಏಳೂವರೆ ನಿಮಿಷ ಸಾಕು. 1600ಕ್ಕೆ 14 ನಿಮಿಷ ಬೇಕು. ಪುಶ್ ಮಾಡಿದರೆ ಕತ್ತಲಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ನಡುವಿನ ಛಾಯೆಗಳು ಮೇಲೆ ಬರುತ್ತವೆ, ಒಲೆಯ ಬೆಂಕಿ ಮಾತ್ರ ಬರಿ ಬಿಳಿಯಾಗುತ್ತದೆ. ಮಸಿಗೋಡೆ ವಿವರವಿಲ್ಲದೆ ಕಪ್ಪಾಗಿಯೇ ಉಳಿದರೆ ಅದೇನೂ ನಷ್ಟವಲ್ಲ ಬಿಡಿ.

ಏಪ್ರಿಲ್‌ನಲ್ಲಿ ನಮ್ಮೂರ ನಲ್ಲಿ ನೀರಿಗೆ 20 ಡಿಗ್ರಿ ಎಂಬುದು ದೂರದ ಮಾತು. ಡೆವಲಪರ್ ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿಡಿ. ಐಸನ್ನು ಡೆವಲಪರಿಗೇ ಹಾಕಿದರೆ ಅದು ತೆಳುವಾಗಿ ನೆಗೆಟಿವ್ ಸಪ್ಪೆಯಾಗುತ್ತದೆ. ಫಿಕ್ಸರ್ (ಚಿತ್ರವನ್ನು ಉಳಿಸುವ ದ್ರಾವಣ), ತೊಳೆಯುವ ನೀರು ಕೂಡ ಹೆಚ್ಚು ಕಡಿಮೆ ಅದೇ ತಂಪಿನಲ್ಲಿರಲಿ.

ಕಲರ್ ಬೇಕೆಂದರೆ, ಹಗಲು ಬೆಳಕಿಗೆ ಹೊಂದಿಸಿದ ಡೇಲೈಟ್ ಫಿಲ್ಮಿಗೆ ಹಳದಿ ಬಲ್ಬಿನಡಿ 80ಎ ನೀಲಿ ಫಿಲ್ಟರ್ ಹಾಕಬಹುದು. ಅದು 2 ಸ್ಟಾಪ್ ನುಂಗುತ್ತದೆ: 400ರ ರೋಲ್ 100 ಆಗಿ, ಎಫ್ 2ರಲ್ಲೂ 1/8ಕ್ಕೆ ಇಳಿಯುತ್ತದೆ. ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ. ಫಿಲ್ಟರ್ ಬಿಟ್ಟು, ನೆಗೆಟಿವ್ ಫಿಲ್ಮಿಗೆ ಒಂದು ಸ್ಟಾಪ್ ಹೆಚ್ಚು ಕೊಟ್ಟು, ಬಣ್ಣವನ್ನು ಸ್ಕ್ಯಾನ್‌ನಲ್ಲಿ ಸರಿಪಡಿಸುವುದೇ ವಾಸಿ. ಆ ಹೆಚ್ಚುವರಿ ಸ್ಟಾಪ್ ಇಲ್ಲದಿದ್ದರೆ ಫಿಲ್ಮಿನಲ್ಲಿ ನೀಲಿ ಬೆಳಕು ಹಿಡಿಯುವ ಪದರಕ್ಕೆ ಬೆಳಕು ಸಾಲದೆ ನೆರಳಿನ ಜಾಗವೆಲ್ಲ ಕೆಸರು ಬಣ್ಣಕ್ಕೆ ತಿರುಗುತ್ತದೆ, ಸ್ಕ್ಯಾನರ್ ಕೂಡ ಅದನ್ನು ತೆಗೆಯಲಾರದು.