ವಾಲಗದ ಮುಂದೆ ಮೈಕು ಇಟ್ಟರೆ ಸದ್ದು ಒಡೆಯುವುದು ಎಲ್ಲಿ?

ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಐನ್‌ಮನೆಯ (ಕುಟುಂಬದ ಮೂಲಮನೆಯ) ಅಂಗಳದಲ್ಲಿ ಕೊಂಬು, ಕೊಟ್ಟುಗಳ ವಾಲಗ ಶುರುವಾಗುತ್ತದೆ. ಕೊಂಬಿನ ಬಾಯಿಗೆ ಎರಡಡಿ ದೂರದಲ್ಲಿ ಕಂಡೆನ್ಸರ್ ಮೈಕು ಇದ್ದರೆ ರೆಕಾರ್ಡಿಂಗ್ ಪರಪರ ಅನ್ನುತ್ತದೆ. ರೆಕಾರ್ಡರಿನ ಗೇನ್ (ಸಿಗ್ನಲ್ ಹಿಗ್ಗಿಸುವ ತಿರುಪು) ಇಳಿಸಿದರೂ ಅದೇ ಪರಪರ, ದನಿ ಮಾತ್ರ ಸಣ್ಣದು. ಇಂಥ ಹೊತ್ತಲ್ಲಿ ಕೈಗೆ ಸಿಕ್ಕ ಪ್ಯಾಡ್ (ಸಿಗ್ನಲನ್ನು ಇಳಿಸುವ ಪುಟ್ಟ ಜೋಡಣೆ) ತುರುಕುವ ಮೊದಲು ಸದ್ದು ಒಡೆದದ್ದು ಮೈಕಿನೊಳಗೋ, ರೆಕಾರ್ಡರಿನ ಇನ್‌ಪುಟ್‌ನಲ್ಲೋ ಎಂದು ತಿಳಿದುಕೊಳ್ಳಬೇಕು.

ಪತ್ತೆಹಚ್ಚುವುದು ಸುಲಭ. ಕಂಪ್ಯೂಟರಿನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿ. ತುದಿಗಳು ಸೊನ್ನೆ ಡೆಸಿಬೆಲ್ (ರೆಕಾರ್ಡಿಂಗಿನ ಮೇಲ್ಮಿತಿ) ಮುಟ್ಟುವ ಮೊದಲೇ, ಮೈನಸ್ 10ರ ಹತ್ತಿರವೇ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆಯಾಗಿದ್ದರೆ ಪೆಟ್ಟು ಬಿದ್ದದ್ದು ಗೇನ್ ತಿರುಪಿಗಿಂತ ಮೊದಲು. ಈಗ ಕೇಬಲ್ಲಿನ ಕೊನೆಗೆ 20 ಡೆಸಿಬೆಲ್ ಪ್ಯಾಡ್ ಸೇರಿಸಿ. ಚಪ್ಪಟೆ ಹೋಯಿತೇ? ಇನ್‌ಪುಟ್ ತುಂಬಿತ್ತು. ಹೋಗಲಿಲ್ಲವೇ? ಮೈಕಿನೊಳಗಿನ ಆಂಪ್ಲಿಫೈಯರೇ ಸೋತಿದೆ. ಆಗ ಮೈಕಿನ ಮೈಮೇಲಿನ ಪ್ಯಾಡ್ ಸ್ವಿಚ್ ಒತ್ತಬೇಕು, ಇಲ್ಲವೇ ಮೈಕನ್ನು ಹಿಂದಕ್ಕೆ ಸರಿಸಬೇಕು. ಹೊರಗಿನ ಪ್ಯಾಡ್ ಎಷ್ಟು ಹಾಕಿದರೂ ಒಡೆದ ಸದ್ದನ್ನೇ ಸಣ್ಣದು ಮಾಡಿ ಕೊಡುತ್ತದೆ. ತುಂಬ ದೊಡ್ಡ ಸಿಗ್ನಲನ್ನೂ ದಾಖಲಿಸಬಲ್ಲ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಚಿಂತೆಯಿಲ್ಲ ಅನ್ನುವವರಿಗೂ ಇದೇ ಉತ್ತರ.

ಲೆಕ್ಕವನ್ನು ಮನೆಯಲ್ಲೇ ಕೂತು ಹಾಕಬಹುದು. ಮೈಕಿನ ಸೆನ್ಸಿಟಿವಿಟಿ (ಸದ್ದಿಗೆ ಅದು ಎಷ್ಟು ವೋಲ್ಟೇಜು ಕೊಡುತ್ತದೆಂಬುದು) ಅಳೆಯುವುದು 94 ಡೆಸಿಬೆಲ್ ಸದ್ದಿನಲ್ಲಿ. ಅಷ್ಟಕ್ಕೆ 20 ಮಿಲಿವೋಲ್ಟ್ ಕೊಡುವ ಕಂಡೆನ್ಸರ್ ಮೈಕು, 124 ಡೆಸಿಬೆಲ್ ಬಂದರೆ ಸುಮಾರು 630 ಮಿಲಿವೋಲ್ಟ್ ಕೊಡುತ್ತದೆ, ಅಂದರೆ ಮೈನಸ್ 2 ಡಿಬಿಯು (0.775 ವೋಲ್ಟನ್ನು ಸೊನ್ನೆಯಾಗಿಟ್ಟ ಡೆಸಿಬೆಲ್ ಅಳತೆ). ಪುಟ್ಟ ರೆಕಾರ್ಡರುಗಳಲ್ಲಿ ಕೆಲವು ಅಷ್ಟನ್ನೂ ತಾಳುವುದಿಲ್ಲ. ಮ್ಯಾನುಯಲ್ಲಿನಲ್ಲಿ ಗರಿಷ್ಠ ಇನ್‌ಪುಟ್ ಎಷ್ಟೆಂದು ನೋಡಿ. ಅದೇ ಜಾಗದಲ್ಲಿ ಶೂರ್ ಎಸ್‌ಎಂ57 ಎಂಬ ಡೈನಮಿಕ್ ಮೈಕು ಕೊಡುವುದು 50 ಮಿಲಿವೋಲ್ಟ್ ಮಾತ್ರ. ಕೊಂಬಿಗೂ ಕೊಟ್ಟು ಎಂಬ ಚರ್ಮವಾದ್ಯಕ್ಕೂ ಒಳ್ಳೆಯ ಪ್ಯಾಡ್ ಯಾವುದೆಂದು ಕೇಳಿದರೆ, ಡೈನಮಿಕ್ ಮೈಕು!

ಕದಿರು ತೆಗೆಯುವಾಗ ಹಾರಿಸುವ ಕೋವಿಯ ಕಥೆ ಬೇರೆ. ಕೋವಿಯ ಹತ್ತಿರ ಸದ್ದಿನ ತುದಿ 150 ಡೆಸಿಬೆಲ್ ದಾಟುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ 6 ಡೆಸಿಬೆಲ್ ಇಳಿಯುತ್ತದೆ: 1 ಮೀಟರಿನಲ್ಲಿ 155 ಇದ್ದದ್ದು 16 ಮೀಟರಿನಲ್ಲಿ 131. ಗದ್ದೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗುವುದಕ್ಕೆ ಖರ್ಚಿಲ್ಲ, ಜೊತೆಗೆ 'ಪೊಲಿ ಪೊಲಿ ದೇವಾ' ಕೂಗೂ ಚೆನ್ನಾಗಿ ಸಿಗುತ್ತದೆ.

ಪ್ಯಾಡನ್ನು ಕೈಯಲ್ಲೇ ಮಾಡಬಹುದು. 680 ಓಮ್‌ನ ಎರಡು ರೆಸಿಸ್ಟರ್, 150 ಓಮ್‌ನದು ಒಂದು, ಎಲ್ಲವೂ ಕಾಲು ವ್ಯಾಟ್, ಶೇ. 1ರ ಮೆಟಲ್ ಫಿಲ್ಮ್. ಮೈಕ್ ಕೇಬಲ್ಲಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ ಪಿನ್ 1 ನೇರ. 2 ಮತ್ತು 3ರಲ್ಲಿ ಒಂದೊಂದು 680. ರೆಕಾರ್ಡರಿನ ಕಡೆ 2 ಮತ್ತು 3ರ ನಡುವೆ 150. ಇನ್‌ಪುಟ್ 1,500 ಓಮ್‌ನದಾದರೆ ಇಳಿಕೆ ಸುಮಾರು 21 ಡೆಸಿಬೆಲ್. ಇದರ ಸೊಗಸು ಏನೆಂದರೆ, ಮೈಕಿಗೆ ಎದುರಿಗೆ ಸುಮಾರು 1,500 ಓಮ್ ಕಾಣುತ್ತದೆ, ರೆಕಾರ್ಡರಿಗೆ ಸುಮಾರು 136, ಅಂದರೆ 150 ಓಮ್‌ನ ಮೈಕಿಗೆ ಹತ್ತಿರ. ಪ್ಯಾಡ್ ನಡುವೆ ಬಂದದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. 10 ಡೆಸಿಬೆಲ್ ಸಾಕಾದರೆ 510 ಎರಡು, 680 ಒಂದು.

ತಪ್ಪುವುದು ಮೂರು ಕಡೆ. 150 ಓಮನ್ನು ಮೈಕಿನ ಕಡೆ ಬೆಸೆದರೆ ಮೈಕಿನ ಮೇಲೆ ಭಾರ ಬೀಳುತ್ತದೆ, ಇಳಿಕೆಯೂ 11 ಡೆಸಿಬೆಲ್ಲಿಗೆ ನಿಲ್ಲುತ್ತದೆ. ಎರಡು 680ಗಳಲ್ಲಿ ವ್ಯತ್ಯಾಸವಿದ್ದರೆ ಕರೆಂಟಿನ ಗುಂಯ್ ನುಸುಳುತ್ತದೆ. ಹತ್ತು ತಂದು ಮಲ್ಟಿಮೀಟರಿನಲ್ಲಿ ಅಳೆದು ಜೋಡಿ ಆರಿಸಿ. ಪಿನ್ 1ಕ್ಕೆ ರೆಸಿಸ್ಟರ್ ಇಳಿಸುವ ಕೆಲವು ವಿನ್ಯಾಸಗಳಿವೆ, ಅವು ಫ್ಯಾಂಟಮ್ ಪವರನ್ನು (ಕೇಬಲ್ಲಿನಲ್ಲೇ ಕಂಡೆನ್ಸರ್ ಮೈಕಿಗೆ ಹೋಗುವ ವಿದ್ಯುತ್ತನ್ನು) ನುಂಗುತ್ತವೆ. ಮೇಲಿನದು ನುಂಗುವುದಿಲ್ಲ: 4 ಮಿಲಿಆಂಪ್ ಎಳೆಯುವ ಮೈಕಿಗೆ ಹೆಚ್ಚಿಗೆ ಕಳೆಯುವುದು 1.4 ವೋಲ್ಟ್ ಅಷ್ಟೆ. ಸಿಕ್ಕಿಸುವಾಗ ಫ್ಯಾಂಟಮ್ ಆಫ್ ಮಾಡಿರಿ. ಪ್ಯಾಡ್ ಇರಬೇಕಾದದ್ದು ರೆಕಾರ್ಡರಿನ ತುದಿಯಲ್ಲಿ. ಹಾದಿಯಲ್ಲಿ ಕೇಬಲ್ ಹಿಡಿದ ಗುಂಯ್ ಕೂಡ ಆಗ ಇಳಿಯುತ್ತದೆ.

ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ, ಓಮ್‌ನಲ್ಲಿ) ಹೊಂದಿಸುವುದೆಂದರೆ ಎರಡೂ ಕಡೆ ಸಮ ಮಾಡುವುದೆಂದು ಹಲವರು ನಂಬಿದ್ದಾರೆ. 600ಕ್ಕೆ 600 ಎಂಬುದು ಟೆಲಿಫೋನ್ ತಂತಿಯ ಕಾಲದ ಲೆಕ್ಕ. ಮೈಕಿಗೆ ಸಮ ಕೂರಿಸಿದರೆ ಸುಮ್ಮನೆ 6 ಡೆಸಿಬೆಲ್ ನಷ್ಟ. 150 ಓಮ್‌ನ ಮೈಕಿಗೆ ಐದರಿಂದ ಹತ್ತು ಪಟ್ಟು, ಅಂದರೆ 750ರಿಂದ 1,500ರ ಇನ್‌ಪುಟ್ ಇರಲಿ. ರಿಬ್ಬನ್ ಮೈಕಿಗೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು, ಇಲ್ಲದಿದ್ದರೆ ತಗ್ಗು ಸ್ವರ ಸೊರಗುತ್ತದೆ.

ಕಾಲಿಂಚಿನ ಜಾಕ್ ಇರುವ ಹಳೆಯ ಹೈ ಇಂಪೀಡೆನ್ಸ್ ಮೈಕುಗಳು ಈಗಲೂ ಅಟ್ಟದಿಂದ ಇಳಿದು ಬರುತ್ತವೆ. 40 ಸಾವಿರ ಓಮ್‌ನ ಮೈಕಿಗೆ 10 ಮೀಟರ್ ಕೇಬಲ್ ಹಾಕಿದರೆ, ಕೇಬಲ್ಲಿನ ಕೆಪಾಸಿಟೆನ್ಸ್ ಮೀಟರಿಗೆ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೂ, 4 ಕಿಲೋಹರ್ಟ್ಸ್‌ನ ಮೇಲಿನದೆಲ್ಲ ಕರಗತೊಡಗುತ್ತದೆ. ಮೈಕಿನ ಪಕ್ಕದಲ್ಲೇ 10:1 ಟ್ರಾನ್ಸ್‌ಫಾರ್ಮರ್ ಇಟ್ಟರೆ ಇಂಪೀಡೆನ್ಸ್ ನೂರು ಪಟ್ಟು ಇಳಿದು 400 ಓಮ್ ಆಗುತ್ತದೆ. ಆಮೇಲೆ ಉದ್ದ ಕೇಬಲ್ಲಿಗೂ ಹೆದರಬೇಕಿಲ್ಲ. ಮೈಕು ಕೊಡುವ ವೋಲ್ಟೇಜು 20 ಡೆಸಿಬೆಲ್ ಇಳಿಯುವುದು ಅದಕ್ಕೆ ತೆರುವ ಬೆಲೆ.

ವಾಲಗ ಮುಗಿಸಿ ನಾಲ್ವರು ದುಡಿ ಹಿಡಿದು ಹಾಡಲು ಕೂತಾಗ ಪ್ಯಾಡ್ ಕಳಚಲೇಬೇಕು. ಮರೆತರೆ ಗೇನ್ 20 ಡೆಸಿಬೆಲ್ ಏರಿಸಬೇಕಾಗುತ್ತದೆ, ಜೊತೆಗೆ ಪ್ರೀಆಂಪಿನ ಸೊಂಯ್ ಕೂಡ ಏರುತ್ತದೆ. ಆಷಾಢದಲ್ಲಾದರೆ ಹಂಚಿನ ಮೇಲಿನ ಮಳೆ ಅದನ್ನು ಮುಚ್ಚೀತು. ಪುತ್ತರಿಯ ತಣ್ಣನೆಯ ರಾತ್ರಿಯಲ್ಲಿ ಮುಚ್ಚಲು ಏನೂ ಇರುವುದಿಲ್ಲ. ಪ್ಯಾಡಿಗೆ ಕೆಂಪು ಟೇಪು ಸುತ್ತಿಡಿ, ಕತ್ತಲಲ್ಲೂ ಕಣ್ಣಿಗೆ ಬೀಳುತ್ತದೆ.