ನಾನು ಬರೆದ 0.6723

ನನ್ನ ವಿಭಾಗದ ಹೆಸರು ಕಾರ್ಪೊರೇಟ್ ಆ್ಯಕ್ಷನ್ಸ್. ಮನೆಯಲ್ಲಿ ಕೇಳಿದರೆ ಅಂಚೆಯಣ್ಣನ ಕೆಲಸ ಎನ್ನುತ್ತೇನೆ. ಯಾವುದೋ ಕಂಪನಿ ಇನ್ನೊಂದನ್ನು ಕೊಳ್ಳಲು ಬಂದಾಗ, ಆ ಷೇರು ಇಟ್ಟುಕೊಂಡವರಿಗೆ ‘ಕೊಡುತ್ತೀರಾ, ಇಟ್ಟುಕೊಳ್ಳುತ್ತೀರಾ’ ಎಂದು ತಿಳಿವಳಿಕೆ ಪತ್ರ ಹೋಗಬೇಕು. ಅವರ ಉತ್ತರ ಗಡುವಿನೊಳಗೆ ಮಾರುಕಟ್ಟೆಗೆ ತಲುಪಬೇಕು. ಷೇರುದಾರರು ಸ್ವಿಟ್ಜರ್ಲೆಂಡಿನಲ್ಲಿ, ಪತ್ರ ತಯಾರಿಸುವ ನಾವು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ. ಜ್ಯೂರಿಕ್‌ನ ಬೇಸಿಗೆಯ ನಡುಮಧ್ಯಾಹ್ನ ಎಂದರೆ ನಮಗೆ ಮೂರೂವರೆ ಗಂಟೆ. ಗಡುವಿನ ದಿನ ಆ ಹೊತ್ತಿಗೆ ಯಾರೂ ಕಾಫಿಗೆ ಏಳುವುದಿಲ್ಲ.

2023ರಲ್ಲಿ ನನ್ನ ಪಾಲಿಗೆ ಬಂದದ್ದು ಗ್ಯಾಮ್ ಹೋಲ್ಡಿಂಗ್. ಅನ್ಯರ ಹಣವನ್ನು ಹೂಡಿ, ಅದರ ಮೇಲೆ ಶುಲ್ಕ ಪಡೆದು ಬದುಕುವ ಸ್ವಿಸ್ ಕಂಪನಿ. ಇಂಥ ಕಂಪನಿಗೆ ಕಾರ್ಖಾನೆ ಇಲ್ಲ, ಗೋದಾಮು ಇಲ್ಲ. ಇರುವುದೆಲ್ಲ ನಂಬಿಕೆ ಮತ್ತು ಕೆಲವು ಒಳ್ಳೆಯ ಮ್ಯಾನೇಜರುಗಳು. 2018ರ ಆರಂಭದಲ್ಲಿ ಅದರ ಷೇರು 15 ಫ್ರಾಂಕಿಗೂ ಮೇಲಿತ್ತು. ಆ ವರ್ಷದ ಜುಲೈ 31ರಂದು ತನ್ನ ಹೆಸರಾಂತ ಬಾಂಡ್ ಮ್ಯಾನೇಜರ್ ಟಿಮ್ ಹೇವುಡ್ ಅವರನ್ನು ಅಮಾನತಿನಲ್ಲಿಟ್ಟಿರುವುದಾಗಿ ಕಂಪನಿ ಪ್ರಕಟಿಸಿತು. ಅವರು ನೋಡಿಕೊಳ್ಳುತ್ತಿದ್ದ ಫಂಡುಗಳಿಂದ ಹಣ ತೆಗೆಯಲು ಜನ ಮುಗಿಬಿದ್ದರು, ಕೊನೆಗೆ ಆ ಫಂಡುಗಳನ್ನೇ ಮುಚ್ಚಬೇಕಾಯಿತು. ಅಡುಗೆ ಭಟ್ಟನ ಮೇಲೆ ಅನುಮಾನ ಬಂದ ಹೋಟೆಲಿನ ಕಥೆ ಇದು: ಗಿರಾಕಿ ಎದ್ದು ಹೋಗುತ್ತಾನೆ, ಬಾಡಿಗೆ ಮಾತ್ರ ಹಾಗೆಯೇ ಉಳಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಆಡಳಿತ ಬದಲಾಯಿತು, ವೆಚ್ಚ ಕಡಿತವಾಯಿತು, ನಷ್ಟ ಮಾತ್ರ ನಿಲ್ಲಲಿಲ್ಲ.

2023ರ ಮೇ 4ರಂದು ಲಂಡನ್ನಿನ ಇಂಥದೇ ಹೂಡಿಕೆ ಕಂಪನಿ ಲಯನ್‌ಟ್ರಸ್ಟ್ ಗ್ಯಾಮ್ ಅನ್ನು ಕೊಳ್ಳುವುದಾಗಿ ಹೇಳಿತು. ನಗದು ಇಲ್ಲ. ಒಂದು ಗ್ಯಾಮ್ ಷೇರಿಗೆ 0.0589 ಲಯನ್‌ಟ್ರಸ್ಟ್ ಷೇರು. ಎಂದರೆ ಒಂದು ಲಯನ್‌ಟ್ರಸ್ಟ್ ಷೇರು ಕೈಗೆ ಬರಲು ಹದಿನೇಳು ಗ್ಯಾಮ್ ಷೇರು ಕೊಡಬೇಕು. ಆ ದಿನದ ಲೆಕ್ಕದಲ್ಲಿ ಅದು ಷೇರಿಗೆ 0.6723 ಫ್ರಾಂಕ್, ಇಡೀ ಕಂಪನಿಗೆ ಸುಮಾರು 107 ಮಿಲಿಯನ್ ಫ್ರಾಂಕ್. ಗ್ಯಾಮ್‌ನ ಆಡಳಿತ ಮಂಡಳಿ ಒಪ್ಪಿಕೊಳ್ಳಿ ಎಂದಿತು. ಈ ಬೆಲೆ ತೀರಾ ಕಡಿಮೆ ಎಂದು ವಿರೋಧಿಸಿದ ಷೇರುದಾರರ ಗುಂಪಿನ ಹೆಸರು ನ್ಯೂಗೇಮ್. ಅದರ ಹಿಂದೆ ಫ್ರಾನ್ಸಿನ ಟೆಲಿಕಾಂ ಉದ್ಯಮಿ ಝೇವಿಯರ್ ನಿಯೆಲ್ ಇದ್ದರು. ಅಲ್ಲಿನ ಬೇಸಿಗೆ ಮುಗಿಯುವ ಮೊದಲೇ ನ್ಯೂಗೇಮ್ ತನ್ನದೇ ಆದ ಆಫರ್ ಮುಂದಿಟ್ಟಿತು: ಷೇರಿಗೆ 0.55 ಫ್ರಾಂಕ್, ನಗದು. ಆದರೆ 28 ಮಿಲಿಯನ್ ಷೇರುಗಳಿಗೆ ಮಾತ್ರ, ಅಂದರೆ ಕಂಪನಿಯ ಶೇ 17.5ರಷ್ಟಕ್ಕೆ.

ನಾನು ಎಡವಿದ್ದು ಇಲ್ಲಿ. ಎರಡು ಆಫರುಗಳ ಕಡತವೂ ನೂರಾರು ಪುಟ, ಷರತ್ತಿನೊಳಗೆ ಷರತ್ತು. ಗ್ರಾಹಕರಿಗೆ ಸುಲಭವಾಗಲಿ ಎಂದು ಪತ್ರದ ಮೊದಲ ಪುಟದಲ್ಲಿ ಎರಡು ಸಾಲಿನ ಕೋಷ್ಟಕ ಹಾಕಿದೆ. ಒಂದರ ಮುಂದೆ ‘0.6723 ಫ್ರಾಂಕ್’, ಇನ್ನೊಂದರ ಮುಂದೆ ‘0.55 ಫ್ರಾಂಕ್’. ಮೇಲೆ ‘ದರ’ ಎಂಬ ಒಂದೇ ತಲೆಬರಹ. ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಲೇಬೇಕು. ಪರಿಶೀಲಿಸಿದವರು ಅಂಕಿಗಳನ್ನು ಮೂಲ ಕಡತಕ್ಕೆ ಹೋಲಿಸಿದರು, ನಾಲ್ಕು ದಶಾಂಶವೂ ಸರಿಯಾಗಿದ್ದವು, ಸಹಿ ಬಿತ್ತು. ಆ ಕೋಷ್ಟಕ ಎಷ್ಟು ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು.

ಮೂರನೆಯ ದಿನ ಜ್ಯೂರಿಕ್‌ನ ಒಬ್ಬ ಸಂಪರ್ಕಾಧಿಕಾರಿಯಿಂದ ಪ್ರಶ್ನೆ ಬಂತು. ಅವರ ಗ್ರಾಹಕರು ನಿವೃತ್ತರು. ಷೇರು ದುಬಾರಿಯಾಗಿದ್ದ ಕಾಲದಲ್ಲಿ ಕೊಂಡು, ಮಾರಲು ಮನಸ್ಸು ಬಾರದೆ ಕುಳಿತಿದ್ದವರು. ಅವರು ಕೇಳಿದ್ದು ಇಷ್ಟೇ: ‘ನಾನು ಹೆಚ್ಚಿನದನ್ನೇ ಆರಿಸಿಕೊಂಡಿದ್ದೇನೆ. 0.6723ರ ಹಣ ಯಾವ ತಾರೀಕಿಗೆ ಖಾತೆಗೆ ಬರುತ್ತದೆ?’

ಓದಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಹಣ ಬರುವುದೇ ಇಲ್ಲ. ಬರುವುದು ಲಂಡನ್ನಿನ ಷೇರು. ಆ 0.6723 ಕೂಡ ಮೇ ತಿಂಗಳ ಒಂದು ದಿನದ್ದು. ಅಷ್ಟರಲ್ಲಿ ಲಯನ್‌ಟ್ರಸ್ಟ್ ಷೇರಿನ ಬೆಲೆಯೇ ಬಹಳ ಇಳಿದಿತ್ತು. ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಪೌಂಡಿಗೆ 1.12 ಫ್ರಾಂಕ್ ಎಂದಿಟ್ಟುಕೊಳ್ಳಿ. ಲಯನ್‌ಟ್ರಸ್ಟ್ 10 ಪೌಂಡ್ ಇದ್ದಾಗ ಒಂದು ಗ್ಯಾಮ್ ಷೇರಿಗೆ ಸಿಗುವುದು ಸುಮಾರು 0.66 ಫ್ರಾಂಕ್. ಅದೇ 7 ಪೌಂಡಿಗೆ ಇಳಿದರೆ 0.46. ಆ ಹಿರಿಯರು ಯಾವುದನ್ನು ಹೆಚ್ಚು ಎಂದು ಆರಿಸಿದ್ದರೋ ಅದೇ ಕಡಿಮೆಯಾಗಿಬಿಡುತ್ತದೆ.

ಹಾಗೆಂದು 0.55 ಗಟ್ಟಿಯಾಗಿತ್ತೇ? ಅದೂ ಇಲ್ಲ. ಎಲ್ಲರೂ ಅಲ್ಲಿಗೇ ಓಡಿದರೆ ಕೊಳ್ಳುವವರು ಪ್ರತಿಯೊಬ್ಬರಿಂದ ಒಂದು ಪಾಲನ್ನಷ್ಟೇ ತೆಗೆದುಕೊಳ್ಳುತ್ತಾರೆ. ತೀರಾ ಕೆಟ್ಟ ಲೆಕ್ಕ ಹಿಡಿದರೆ ಹತ್ತು ಸಾವಿರ ಷೇರು ಇದ್ದವರಿಂದ ಸುಮಾರು 1,750 ಮಾತ್ರ ಹೋಗುತ್ತದೆ. ಮಿಕ್ಕ 8,250 ಷೇರಿನ ಬೆಲೆ ಏನು ಎಂಬುದಕ್ಕೆ ಆ ಆಫರಿನಲ್ಲಿ ಉತ್ತರವಿರಲಿಲ್ಲ. ಮಾವಿನಹಣ್ಣನ್ನೂ ಮಾವಿನ ತೋಟದ ಪಾಲುಪತ್ರವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ, ಇಗೋ ತೂಕ ಎಂದು ನಾನು ಬರೆದುಕೊಟ್ಟಿದ್ದೆ.

ಪುಣ್ಯಕ್ಕೆ ಗ್ರಾಹಕರು ಕಳಿಸಿದ್ದ ಆಯ್ಕೆಯ ಸೂಚನೆಗಳು ಇನ್ನೂ ನಮ್ಮಲ್ಲೇ ಇದ್ದವು. ಗಡುವಿನವರೆಗೆ ಒಟ್ಟುಗೂಡಿಸಿ ಆಮೇಲೆ ಕಳಿಸುವುದು ನಮ್ಮ ಪದ್ಧತಿ. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಬಳಿ ಹೋಗಿ ಹೇಳಿದೆ. ಅವರು ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. ಕೋಷ್ಟಕವನ್ನು ಒಂದು ನಿಮಿಷ ನೋಡಿ, “ಅಂಕಿ ಸರಿ ಇದೆ. ತಲೆಬರಹ ಸುಳ್ಳು ಹೇಳುತ್ತಿದೆ” ಎಂದರು. ಅಂದು ರಾತ್ರಿ ಹನ್ನೊಂದರವರೆಗೆ ಕುಳಿತು ತಿದ್ದುಪಡಿ ಪತ್ರ ಬರೆದೆವು. ‘ದರ’ ಹೋಯಿತು. ಅದರ ಜಾಗದಲ್ಲಿ ‘ನಿಮಗೆ ಏನು ಸಿಗುತ್ತದೆ’, ‘ಎಷ್ಟು ಷೇರಿಗೆ’, ‘ಯಾವ ದಿನದ ಬೆಲೆ ಹಿಡಿದು ಲೆಕ್ಕ ಹಾಕಿದೆ’, ‘ಏನೂ ಉತ್ತರಿಸದಿದ್ದರೆ ಏನಾಗುತ್ತದೆ’ ಎಂಬ ನಾಲ್ಕು ಸಾಲು ಬಂದವು.

ನಾಲ್ಕನೆಯ ಸಾಲು ಮೇಡಂ ಅವರದು. ನಾನು ಅಲ್ಲಿಯವರೆಗೆ ‘ಉತ್ತರವಿಲ್ಲ’ ಎಂಬ ಖಾತೆಗಳನ್ನು ಆಲಸಿಗಳ ಪಟ್ಟಿ ಎಂದುಕೊಂಡಿದ್ದೆ. ಆದರೆ ಲಯನ್‌ಟ್ರಸ್ಟ್ ಆಫರ್ ಗೆಲ್ಲಲು ಮೂರನೆಯ ಎರಡರಷ್ಟು ಷೇರುಗಳು ಬರಬೇಕಿತ್ತು. ಅಂಥ ಷರತ್ತಿದ್ದಾಗ ಸುಮ್ಮನಿರುವವನೂ ‘ಬೇಡ’ ಎಂಬ ಕಡೆಗೇ ತೂಕ ಹಾಕುತ್ತಾನೆ, ಅವನಿಗೆ ಗೊತ್ತಿರಲಿ ಬಿಡಲಿ. ತಿದ್ದುಪಡಿ ಹೋದ ಮೇಲೆ ಕೆಲವರು ಆಯ್ಕೆ ಬದಲಿಸಿದರು, ಕೆಲವರು ಬದಲಿಸಲಿಲ್ಲ. ಬದಲಿಸದ ಒಬ್ಬರ ಕಾರಣ ನನಗೆ ಇಂದಿಗೂ ಇಷ್ಟ: ‘ಬೆಲೆ ಇಳಿದದ್ದು ಗೊತ್ತು. ಮುಳುಗುತ್ತಿರುವ ದೋಣಿಗಿಂತ ಸೋರುವ ದೋಣಿ ಸಾಕು.’ ಇನ್ನೊಬ್ಬರಿಗೆ ನ್ಯೂಗೇಮ್ ಕಡೆಯವರ ಯೋಜನೆಯ ಮೇಲೆ ನಂಬಿಕೆಯಿತ್ತು. ಇಬ್ಬರೂ ತಿಳಿದೇ ನಿರ್ಧರಿಸಿದ್ದರು. ನನ್ನ ಹಳೆಯ ಕೋಷ್ಟಕ ಅವರಿಂದ ಕಿತ್ತುಕೊಂಡದ್ದು ಅದನ್ನೇ.

ಆಫರಿನ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಆಗಸ್ಟ್ 23ಕ್ಕೆ ಮುಗಿಯಿತು. ಬಂದದ್ದು ಮೂರನೆಯ ಒಂದರಷ್ಟು ಷೇರು ಮಾತ್ರ. ಆಫರ್ ಬಿದ್ದುಹೋಯಿತು. ಒಪ್ಪಿಗೆ ಕೊಟ್ಟವರ ಷೇರುಗಳನ್ನೂ ತಡೆ ಬಿಡಿಸಿ ಅವರವರ ಖಾತೆಗೆ ಮರಳಿಸಿದೆವು. ಎರಡು ತಿಂಗಳ ದುಡಿಮೆ ಸೊನ್ನೆಗೆ ಸೊನ್ನೆ. ಸೆಪ್ಟೆಂಬರಿನಲ್ಲಿ ನ್ಯೂಗೇಮ್ ಕಡೆಯವರು ಆಡಳಿತ ಮಂಡಳಿಗೆ ಬಂದರು. ಹಣದ ಕೊರತೆ ಅವರ ಬೆನ್ನೂ ಬಿಡಲಿಲ್ಲ. 2024ರಲ್ಲಿ ಕಂಪನಿ 100 ಮಿಲಿಯನ್ ಫ್ರಾಂಕಿನ ರೈಟ್ಸ್ ಷೇರಿಗೆ, ಎಂದರೆ ಇರುವ ಷೇರುದಾರರಿಗೇ ಹೊಸ ಷೇರು ಕೊಟ್ಟು ಹಣ ಎತ್ತುವ ದಾರಿಗೆ, ಹೋಯಿತು. ಆ ಹೊತ್ತಿಗೆ ಗ್ಯಾಮ್ ಷೇರು 0.55ಕ್ಕಿಂತ ಬಹಳ ಕೆಳಗಿತ್ತು.

ಆ ರೈಟ್ಸ್ ಪತ್ರವೂ ನಮ್ಮ ಮೇಜಿನಿಂದಲೇ ಹೋಯಿತು. ನಾಲ್ಕು ಸಾಲಿನ ಕೋಷ್ಟಕ ಹಾಗೆಯೇ ಇತ್ತು. ಎರಡು ದಿನಕ್ಕೆ ಅದೇ ಸಂಪರ್ಕಾಧಿಕಾರಿಯಿಂದ ಅದೇ ಹಿರಿಯರ ಪರವಾಗಿ ಪ್ರಶ್ನೆ ಬಂತು: ‘ಈ ಪುಟದಲ್ಲಿ ಯಾವ ಅಂಕಿ ನಿಜವಾದದ್ದು, ಯಾವುದು ನಿನ್ನೆಯದು?’ ಅಂದಿನಿಂದ ಪತ್ರದಲ್ಲಿ ಐದನೆಯ ಸಾಲೂ ಇದೆ.